ತಾಳಕ್ಕೆ ಎಳೆದ ದನಿ

ಹಾಡು ಕತ್ತರಿಸುವ ಕೆಲಸದಲ್ಲಿ ಅವಳ ಕೈ ಪಳಗಿತ್ತು. ಎಂಥ ಹಳೆಯ ರೆಕಾರ್ಡಿಂಗ್ ಇದ್ದರೂ ವಾದ್ಯಗಳ ನಡುವಿನಿಂದ ದನಿಯನ್ನು ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಬಿಡಿಸಿ, ಅದಕ್ಕೆ ಹೊಸ ತಾಳ ಕಟ್ಟಿ, ಕುಣಿಯುವವರ ಕಾಲಿಗೆ ಒಪ್ಪಿಸುತ್ತಿದ್ದಳು. ಸ್ಟುಡಿಯೋದಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು. ಆ ಹೆಸರಿಗೆ ಅವಳೂ ಒಳಗೊಳಗೇ ಉಬ್ಬುತ್ತಿದ್ದಳು.

ಅವಳನ್ನು ಸಾಕಿ ಬೆಳೆಸಿದ್ದು ಸೋದರತ್ತೆ. ಅತ್ತೆ ಹರೆಯದಲ್ಲಿ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಜಾಝ್ ಹಾಡುತ್ತಿದ್ದಳು. ಅವಳದೊಂದು ರೆಕಾರ್ಡು ಹೊರಬಂದು, ಒಂದಿಷ್ಟು ದಿನ ಹೆಸರಾಗಿ, ಆಮೇಲೆ ಜನ ಮರೆತಿದ್ದರು. ತಾಳದ ಹಿಂದೆ ಹಿಂದೆ ಹಾಡುವುದು ಅವಳ ರೀತಿ. ಡ್ರಮ್ಮು ಹೆಜ್ಜೆ ಇಟ್ಟಾದ ಮೇಲೆ, ಅಯ್ಯೋ ನಾನೂ ಹೊರಡಬೇಕಿತ್ತಲ್ಲ ಎಂದು ನೆನಪಾದವಳ ಹಾಗೆ ದನಿ ನಿಧಾನವಾಗಿ ಬಂದು ಸೇರುತ್ತಿತ್ತು. ಮಾವ ಬಸ್ ಡ್ರೈವರ್. "ಜನ್ಮವೆಲ್ಲಾ ಟೈಮಿಗೆ ಸರಿಯಾಗಿ ಗಾಡಿ ಬಿಟ್ಟೋನು ನಾನು. ಕಟ್ಕೊಂಡಿದ್ದು ಮಾತ್ರ ಯಾವತ್ತೂ ಲೇಟಾಗಿ ಬರೋಳನ್ನ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಅತ್ತೆಗೆ ಲಕ್ವ ಹೊಡೆದು ಬಲಭಾಗ ಸೋತಿತು. ಮಾತೂ ನಿಂತುಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಒಂದು ದಿನ ಉಪಾಯ ಮಾಡಿ, "ಹಾಡಿ ನೋಡಿ ಅಮ್ಮ" ಎಂದಳು. ಅತ್ತೆ ಹಾಡಿದಳು. ತನ್ನದೇ ರೆಕಾರ್ಡಿನ ಹಾಡು, ಒಂದಕ್ಷರ ತಪ್ಪದೆ. ಕೆಲವರಿಗೆ ಮಾತಿನ ದಾರಿ ಮುಚ್ಚಿದರೂ ಹಾಡಿನ ದಾರಿ ತೆರೆದಿರುತ್ತದೆ ಎಂದು ಆಕೆ ವಿವರಿಸಿದಳು. ಮಾವ ಬಾಗಿಲ ಹೊರಗೆ ನಿಂತು ಅತ್ತ.

ಅಂದಿನಿಂದ ಆ ಹಾಡೇ ಮನೆಯ ಭಾಷೆಯಾಯಿತು. ಬೇರೆ ಹಾಡುಗಳು ತುಟಿಗೆ ಬಂದು ಅರ್ಧಕ್ಕೇ ಉದುರುತ್ತಿದ್ದವು. ಅದೊಂದು ಮಾತ್ರ ಪೂರ್ತಿ ನಿಂತಿತ್ತು. 'ನೀರ ಮೇಲೆ ಬೆಳಕು ಬರೆದ ಹೆಸರು ನಿನ್ನದು' ಎಂದರೆ ಬಾಯಾರಿದೆ. 'ಬಾಗಿಲು ತೆರೆದೇ ಇದೆ, ಗಾಳಿಯೊಂದೇ ಬಂತು' ಎಂದರೆ ಸೆಕೆ, ಕಿಟಕಿ ತೆಗೆಯಿರಿ. 'ನೋವೂ ಒಬ್ಬ ನೆಂಟ, ಬಂದರೆ ಕೂರಿಸು' ಎಂದರೆ ಎಲ್ಲೋ ನೋಯುತ್ತಿದೆ. 'ಇರು, ಇನ್ನೂ ಇರು' ಎಂಬ ಪಲ್ಲವಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಅದನ್ನು ಕೇಳಿದರೆ ಮಾವ ಎಲ್ಲಿಗೆ ಹೊರಟಿದ್ದರೂ ಚಪ್ಪಲಿ ಬಿಟ್ಟು ಬಂದು ಕೂರುತ್ತಿದ್ದ. ಶ್ರುತಿಯ ಗಂಧವಿಲ್ಲದ ಮನುಷ್ಯ ತಾನೂ ಕೆಲವು ಸಾಲು ಕಲಿತು ತಿರುಗಿ ಹಾಡುತ್ತಿದ್ದ. ಅತ್ತೆ ಎಡಗೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಆಗ ಇಬ್ಬರೂ ನಗುತ್ತಿದ್ದರು.

ಹೀಗಿರುವಾಗ ಸ್ಟುಡಿಯೋ ನಡೆಸುವ ಕಂಪನಿ ಹಳೆಯ ಜಾಝ್ ಹಾಡುಗಳನ್ನು ಕುಣಿತಕ್ಕೆ ಒಗ್ಗಿಸಿ ಹೊರತರಲು ನಿರ್ಧರಿಸಿತು. ಯಜಮಾನ ಆರಿಸಿಟ್ಟ ಹಾಡುಗಳಲ್ಲಿ ಅತ್ತೆಯದೂ ಇತ್ತು.

"ಸರ್, ಇದೊಂದು ಬೇಡ" ಎಂದಳು ಕತ್ತರಿ. "ಹಾಡಿರೋದು ನಮ್ಮತ್ತೆ."

"ಹೌದಾ? ಹಾಗಾದ್ರೆ ನೀನೇ ಮಾಡಬೇಕಮ್ಮ" ಎಂದ ಆತ, ಖುಷಿಯಿಂದಲೇ. "ಹಕ್ಕು ನಮ್ಮದು, ಹಾಡು ಹೊರಗೆ ಬರೋದಂತೂ ಗ್ಯಾರಂಟಿ. ಬೇರೆಯವರ ಕೈಗೆ ಕೊಟ್ರೆ ಏನು ಗತಿ ಮಾಡ್ತಾರೋ. ಮನೆಯವಳ ಕೈಲಿದ್ರೆ ಮರ್ಯಾದೆ ಇರುತ್ತೆ, ಅಲ್ವಾ?"

ಮನೆಯಲ್ಲಿ ಕೇಳಿದಾಗ ಅತ್ತೆ ಕಣ್ಣರಳಿಸಿದಳು. ಮಾವ, "ಇವಳ ಹಾಡಿಗೆ ಹುಡುಗ್ರು ಕುಣೀತಾರೆ ಅಂದ್ರೆ ಬೇಡ ಅನ್ನೋಕೆ ನಿನಗೇನೇ ಬಂದಿದೆ?" ಎಂದ.

ಅವಳು ಮೆಲ್ಲಗೆ ಪಿಯಾನೊ ಸರಿಸಿದಳು, ಡ್ರಮ್ಮಿನ ಮೇಲೆ ಬ್ರಷ್ ಸವರುವ ಸದ್ದು ಒರೆಸಿದಳು. ಉಳಿದದ್ದು ಅತ್ತೆಯ ಬರಿಯ ದನಿ. ಅದರ ಕೆಳಗೆ ಯಂತ್ರದ ತಾಳ ಹಾಸಿದಾಗ ಒಂದು ಪದವೂ ಪರದೆಯಲ್ಲಿ ತಾಳದ ಪೆಟ್ಟು ತೋರಿಸುವ ಗೆರೆಯ ಮೇಲೆ ಬೀಳಲಿಲ್ಲ. ಎಲ್ಲವೂ ಹಿಂದೆ ಉಳಿದಿದ್ದವು. ಅದನ್ನು ಹಾಗೇ ಇರಿಸಿ ಒಪ್ಪಿಸಿದಳು. ಯಜಮಾನ ಕೇಳಿ, "ಕಾಲು ಎಲ್ಲಿಡಬೇಕು ಅಂತಾನೇ ಗೊತ್ತಾಗಲ್ಲ. ಮುಂದಕ್ಕೆ ಎಳಿ" ಎಂದು ವಾಪಸು ಕಳಿಸಿದ. ಎಳೆದಳು. ಒಂದೊಂದೇ ಪದವನ್ನು ಕತ್ತರಿಸಿ ಗೆರೆಗೆ ತಂದು ಕೂರಿಸಿದಳು. ಚರಣಗಳು ಉದ್ದವಾದವು ಎಂದ, ತೆಗೆದಳು. ಕೊನೆಗೆ ನಿಂತದ್ದು ಪಲ್ಲವಿಯ ಒಂದು ತುಣುಕು: ಇರಿರಿರು, ಇರಿರಿರು. ಅದರ ಅಡಿಯಲ್ಲಿ ಎದೆಗೆ ಗುದ್ದುವ ತಾಳ.

ಹಾಡು ಕಾಳ್ಗಿಚ್ಚಿನಂತೆ ಹಬ್ಬಿತು. ಬಟ್ಟೆ ಅಂಗಡಿಯಲ್ಲಿ ಅದೇ, ಬಸ್ಸಿನಲ್ಲಿ ಅದೇ, ಎದುರು ಮನೆಯವರ ಫೋನು ಹೊಡೆದುಕೊಂಡರೂ ಅದೇ. ಅವರ ಮನೆಯ ಮೇಲಿನ ಮಹಡಿಯಲ್ಲಿ ಹೆಂಗಸರ ವ್ಯಾಯಾಮದ ತರಗತಿ ನಡೆಯುತ್ತಿತ್ತು. ಅಲ್ಲಿ ಬೆಳಿಗ್ಗೆ ಸಂಜೆ ಅದಕ್ಕೇ ಕಾಲು ಕುಟ್ಟುತ್ತಿದ್ದರು. ಸೂರು ಅದುರಿದಾಗಲೆಲ್ಲ ಅತ್ತೆಯ ಮುಖ ಬೆಳಗುತ್ತಿತ್ತು. ಮಾವನಂತೂ ಬಸ್ ಸ್ಟ್ಯಾಂಡಿಗೇ ಹೋಗಿ ಹಳೆಯ ಜೊತೆಗಾರರ ಮುಂದೆ ಜಂಭ ಕೊಚ್ಚಿಕೊಂಡು ಬಂದ.

ವ್ಯತ್ಯಾಸವನ್ನು ಮೊದಲು ಗಮನಿಸಿದ್ದೂ ಮಾವನೇ.

"ನಿಮ್ಮತ್ತೆ ಈಗ ಅವಸರ ಮಾಡ್ತಾಳೆ ಕಣೇ" ಎಂದ. "ಮುಂಚೆ ನೀರಿನ ಸಾಲು ಮುಗಿಸೋ ಹೊತ್ತಿಗೆ ನಾನು ಅಡುಗೆಮನೆಗೆ ಹೋಗಿ ಬರ್ತಿದ್ದೆ. ಈಗ ಅರ್ಧ ಹೇಳಿ ಪಲ್ಲವಿಗೆ ಹಾರಿಬಿಡ್ತಾಳೆ."

ಕೆಲವೇ ವಾರಗಳಲ್ಲಿ ನೀರಿನ ಸಾಲು ಬರುವುದೇ ನಿಂತಿತು. ಆಮೇಲೆ ಬಾಗಿಲಿನದೂ ನೋವಿನದೂ. ಅತ್ತೆ ಯಾವ ಸಾಲು ಹಿಡಿಯಲು ಹೋದರೂ ತುಟಿ ಅದುರಿಸಿ, ಕೊನೆಗೆ ಜಾರಿ ಅಲ್ಲಿಗೇ ಬಂದು ಬೀಳುತ್ತಿದ್ದಳು: ಇರಿರಿರು, ಇರಿರಿರು. ಯಂತ್ರದ ತಾಳಕ್ಕೆ ಕೂದಲೆಳೆಯಷ್ಟೂ ತಪ್ಪದೆ.

ಕತ್ತರಿ ಮೂಲ ಹಾಡನ್ನು ಇಯರ್‌ಫೋನಿನಲ್ಲಿ ಕೇಳಿಸಿದಳು. ಅತ್ತೆ ಯಾರೋ ಬೇರೆಯವರ ಹಾಡು ಕೇಳುವಂತೆ ಮರ್ಯಾದೆಯಿಂದ ಕೇಳಿದಳು. ಮೇಲಿನ ಮಹಡಿಗೆ ಹೋಗಿ ಬೇಡಿಕೊಂಡಾಗ ವ್ಯಾಯಾಮದ ಟೀಚರು ಪಾಪ, ಅವತ್ತೇ ಹಾಡು ಬದಲಿಸಿದಳು. ಆದರೆ ಬೀದಿಗೆ ಯಾರು ಬೀಗ ಹಾಕುತ್ತಾರೆ? ಯಜಮಾನನನ್ನು ಕೇಳಿದರೆ, "ಹಿಂದಕ್ಕೆ ತಗೊಳೋದು ನನ್ನ ಕೈಲೂ ಇಲ್ಲಮ್ಮ. ಅದು ಈಗ ಎಲ್ಲರ ಫೋನಲ್ಲೂ ಇದೆ" ಎಂದ. ಆತ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಇದ್ದಕ್ಕಿದ್ದಂತೆ ಶುರು ಮಾಡಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ಕುಣಿತದ ತುಣುಕು. ಮಾವ ನೀರು ತಂದ, ಮುಖ ತಿರುಗಿಸಿದಳು. ಕತ್ತರಿ ಕಿಟಕಿ ತೆಗೆದಳು, ಮುಚ್ಚಿದಳು, ದಿಂಬು ಎತ್ತರಿಸಿದಳು. "ಏನಾಯ್ತೇ, ಎಲ್ಲಿ ಹೇಳೇ" ಎಂದು ಮಾವ ಗೋಗರೆದ. ಅತ್ತೆ ಎಡಗೈಯಲ್ಲಿ ಅವನ ಅಂಗಿ ಹಿಡಿದು ಜಗ್ಗುತ್ತಾ ಇನ್ನೂ ಜೋರಾಗಿ ಹಾಡಿದಳು. ಅಳು ಬಂದರೂ ತಾಳ ತಪ್ಪಲಿಲ್ಲ. ಬಹಳ ಹೊತ್ತಾದ ಮೇಲೆ ಹೊದಿಕೆ ತೆಗೆದಾಗ ಕಂಡಿತು: ಸೊಂಟಕ್ಕೆಂದು ಇಟ್ಟ ಬಿಸಿನೀರಿನ ಚೀಲ ಸೋರಿ, ಎಡ ತೊಡೆಯ ಚರ್ಮ ಬೊಬ್ಬೆ ಎದ್ದಿತ್ತು.

ಮಾವ ಕತ್ತರಿಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಾಯಕ್ಕೆ ಮುಲಾಮು ಹಚ್ಚಿಸಿಕೊಂಡು ಬರುವಾಗ ಮಾತು ಕಲಿಸುವಾಕೆಯನ್ನು ಕಂಡರು. "ಇದ್ದದ್ದು ಒಂದೇ ಕಾಲುದಾರಿ. ಹೆಚ್ಚು ತುಳಿದ ಕಡೆಗೇ ಕಾಲು ಹೋಗುತ್ತೆ" ಎಂದಳು ಆಕೆ. "ಹಳೇ ಸಾಲು ಬರುತ್ತೆ ಅಂತ ನಾನು ಮಾತು ಕೊಡಲಾರೆ. ಪ್ರಶ್ನೆ ಕೇಳಿ, ಹೌದು ಅಂದ್ರೆ ಎಡಗೈಯಲ್ಲಿ ನಿಮ್ಮ ಕೈ ಒತ್ತಲಿ. ಅಭ್ಯಾಸ ಮಾಡಿಸಿ."

ಮನೆಗೆ ಬಂದು ಮಾವ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಅತ್ತೆಯ ಎಡಗೈ ಹಿಡಿದ. "ನೀರು ಬೇಕೇನೇ?" ಎಂದ. ಬೆರಳು ಒತ್ತಿತು. "ನೋಡಿದ್ಯಾ, ಗೊತ್ತಾಯ್ತು ಅವಳಿಗೆ" ಎಂದು ಕತ್ತರಿಯ ಕಡೆ ತಿರುಗಿದ. ಬೆರಳು ಮತ್ತೆ ಒತ್ತಿತು, ಮತ್ತೆ, ಮತ್ತೆ, ಯಂತ್ರದ ತಾಳದ ಹಾಗೆ ಒಂದೇ ಅಂತರದಲ್ಲಿ. "ಬೇಡ್ವಾ ಹಾಗಾದ್ರೆ? ನೋವಿದ್ಯಾ?" ಬೆರಳು ನಿಲ್ಲಲಿಲ್ಲ. ಮಾವ ಇದ್ದ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿ, ಕೈ ಬಿಡದೆ ಹಾಗೇ ಕೂತ. ಕತ್ತರಿ ನೀರೂ ತಂದಳು, ಮುಲಾಮೂ ತಂದಳು, ಎರಡನ್ನೂ ಹಿಡಿದುಕೊಂಡು ಮಂಚದ ಕಾಲ ಬಳಿ ನಿಂತಳು.