ಶುಭ ಶುಕ್ರವಾರದ ಹಾಯಿ

"ಗುರುವಾರ ನಂಗೆ ಗಾಳಿಪಟ ಹಿಡ್ಕೊಂಡು ಅಲೆ ಮೇಲೆ ಜಾರೋ ಪಾಠ. ಶುಕ್ರವಾರ ಚಿಕ್ಕಿಗೆ ಹಾಯಿ ಹಲಗೆ. ಶನಿವಾರ ಜನ ಜಾತ್ರೆ ಇರತ್ತೆ, ಅವತ್ತು ಏನೂ ಬೇಡ, ಸುಮ್ನೆ ತಿಂದು ಬಿದ್ಕೊಳೋದು." ಯಾರಿಟ್ಸಾ ಫೋನು ಹಿಡಿದುಕೊಂಡು ರಜೆಯ ಪಟ್ಟಿ ಓದುತ್ತಿದ್ದಳು.

"ಶುಕ್ರವಾರ ಬೇಡ," ಎಂದಳು ಅವಳ ತಾಯಿ ಝುನಿಲ್ದಾ, ಒಲೆಯ ಕಡೆಯಿಂದ ಮುಖ ತಿರುಗಿಸದೆಯೇ. ಪಾತ್ರೆಯಲ್ಲಿ ಕೆಂಪು ಕಾಳಿನ ಪಾಯಸ ಕುದಿಯುತ್ತಿತ್ತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಸ್ಯಾಂಟಿಯಾಗೊ ಊರಿನ ಯಾವ ಮನೆಗೆ ಹೋದರೂ ಇದೇ ಪಾಯಸ, ಇದೇ ದಾಲ್ಚಿನ್ನಿಯ ಘಮ.

"ಶುಭ ಶುಕ್ರವಾರ ಕಡಲಿಗೆ ಇಳಿದೋರು ಮೀನಾಗ್ತಾರೆ ಅಂತಾನಾ? ಅಮ್ಮಾ, ನಿಂಗೆ ಐವತ್ತಾರು ವಯಸ್ಸು!"

"ಆದ್ರೆ ಆಗ್ಲಿ ಬಿಡೇ," ಎಂದಳು ಮೇಜಿನ ಬಳಿ ಕೂತಿದ್ದ ಬೆಲ್ಕಿಸ್. "ಮೀನಾದ್ರೆ ದಿನಾ ಇನ್ಸುಲಿನ್ ಚುಚ್ಕೊಳೋದಾದ್ರೂ ತಪ್ಪತ್ತೆ."

ಬೆಲ್ಕಿಸ್ ಝುನಿಲ್ದಾಳ ತಂಗಿ, ಮೂರು ವರ್ಷಕ್ಕೆ ಚಿಕ್ಕವಳು. ಸಕ್ಕರೆ ಕಾಯಿಲೆ ಅವಳ ಬಲಗಣ್ಣನ್ನು ಆಗಲೇ ತಿಂದುಹಾಕಿತ್ತು. ಎಡಗಣ್ಣು ಈ ವರ್ಷ ದಾಟಿದರೆ ಹೆಚ್ಚು ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಒಂದೇ ಒಂದು ಸಲ, ಹುಟ್ಟಿದೂರು ಕಬರೇತೆಯ ಕಡಲಿನಲ್ಲಿ ಮತ್ತೆ ಹಲಗೆಯ ಮೇಲೆ ಹಾಯಿ ಹಿಡಿದು ನಿಲ್ಲಬೇಕು ಎಂದು ಅವಳ ಹಟ. ಮೂವರಿಗೂ ಒಟ್ಟಿಗೆ ರಜೆ ಸಿಗುವುದು ಶುಭ ಶುಕ್ರವಾರ ಬರುವ ಪವಿತ್ರ ವಾರದಲ್ಲಿ ಮಾತ್ರ.

"ಶುಕ್ರವಾರಾನೇ ಬೇಕು ನಂಗೆ," ಎಂದಳು ಬೆಲ್ಕಿಸ್. "ಅವತ್ತು ಊರೋರು ಯಾರೂ ನೀರಿಗಿಳಿಯಲ್ಲ. ಇಡೀ ಕಡಲು ನಂದೇ. ಆ ಮುದುಕಪ್ಪ ಕಿತ್ಕೊಂಡಿದ್ದು ವಾಪಸ್ ಬರ್ಲಿ."

ಆ ಮುದುಕಪ್ಪ ಎಂದರೆ ಅವರ ಅಪ್ಪ, ಊರವರು ಮರ್ಯಾದೆಯಿಂದ ಡಾನ್ ಫಿಲೊ ಎನ್ನುತ್ತಿದ್ದವರು. ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಝುನಿಲ್ದಾಳ ಕೈಯಲ್ಲಿದ್ದ ಸೌಟು ನಿಂತಿತು.

ಅಕ್ಕತಂಗಿಯರು ಹುಡುಗಿಯರಾಗಿದ್ದಾಗ ಕಬರೇತೆಯಲ್ಲಿ ಏನಿತ್ತು ಮಹಾ? ಒಂದು ರಸ್ತೆ, ಒಂದು ಇಗರ್ಜಿ, ಗಾಳಿಗೆ ಮರುಳಾಗಿ ಬರುತ್ತಿದ್ದ ನಾಲ್ಕು ಮಂದಿ ಕೆನಡಾದವರು. ಅಪ್ಪ ಅವರಿಗೆ ಹಲಗೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಬೆಳಿಗ್ಗೆ ಕಡಲು ತಟ್ಟೆಯ ನೀರಿನಂತೆ ಮಲಗಿರುತ್ತಿತ್ತು. ಮಧ್ಯಾಹ್ನ ಬಾದಾಮಿ ಮರದ ಎಲೆಗಳು ಬೆನ್ನು ತೋರಿಸಿದವೆಂದರೆ ಗಾಳಿ ಬಂತೆಂದೇ ಲೆಕ್ಕ. "ಬೆಲ್ಕಿಸ್, ಓಡು!" ಎನ್ನುತ್ತಿದ್ದರು ಅಪ್ಪ. ಹುಡುಗಿ ಅನ್ನದ ತಟ್ಟೆ ಬಿಟ್ಟು, ಹಲಗೆ ಹಿಡಿದು ಕಡಲಿಗೆ ಓಡುತ್ತಿದ್ದಳು. ದಡದಲ್ಲಿ ನಿಂತು ನೋಡುವುದರಲ್ಲೇ ಝುನಿಲ್ದಾಳಿಗೆ ಹೊಟ್ಟೆ ತುಂಬುತ್ತಿತ್ತು. ಅಂಥ ಮಧ್ಯಾಹ್ನಗಳು ಆಮೇಲೆ ಬರಲೇ ಇಲ್ಲ.

ಬೆಲ್ಕಿಸಳಿಗೆ ಹದಿನಾರಾದ ವರ್ಷ ಕೆನಡಾದವರು ಹಾಯಿ ಹಲಗೆಯ ಪಂದ್ಯ ಇಟ್ಟರು. ಪರದೇಶದವರಿಗೇನು ಗೊತ್ತು, ಇಟ್ಟಿದ್ದು ಶುಭ ಶುಕ್ರವಾರವೇ. ಅಮ್ಮ ಎದೆ ಬಡಿದುಕೊಂಡಳು, ಅಪ್ಪ ನಕ್ಕು ಸುಮ್ಮನಾದರು. ಪಂದ್ಯದ ಬೆಳಿಗ್ಗೆ ನೋಡಿದರೆ ಬೆಲ್ಕಿಸಳ ಹಾಯಿಯೇ ಇಲ್ಲ! ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ಮಾರ್ಬಿಟ್ಟೆ," ಎಂದರು, ಅಷ್ಟೇ. ಬೆಲ್ಕಿಸ್ ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಮರುವರ್ಷ ಊರೂ ಬಿಟ್ಟಳು. ಅಪ್ಪನ ಮಣ್ಣಿಗೆ ಬಂದವಳು ಪೆಟ್ಟಿಗೆಯ ಹತ್ತಿರ ಹೋಗದೆ ಬಾಗಿಲಲ್ಲೇ ನಿಂತಿದ್ದಳು.

"ಅಪ್ಪನ್ನ ಬೈಬೇಡ ಕಣೇ," ಎಂದಳು ಝುನಿಲ್ದಾ.

"ಯಾಕೆ ಬೈಬಾರ್ದು?"

ಈಗ ಹೇಳಿದರೆ ತಂಗಿ ಎದ್ದು ಹೋಗುತ್ತಾಳೆ, ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಹೇಳದಿದ್ದರೆ ಅದೇ ಕಡಲಿನ ಮುಂದೆ ಅವಳ ಪಕ್ಕದಲ್ಲಿ ಹೇಗೆ ನಿಲ್ಲುವುದು? ಝುನಿಲ್ದಾ ಒಲೆ ಆರಿಸಿದಳು.

"ಹಾಯಿ ಬಚ್ಚಿಟ್ಟೋಳು ನಾನು."

ಯಾರಿಟ್ಸಾ ಫೋನು ಕೆಳಗಿಟ್ಟಳು.

"ಇಗರ್ಜೀಲಿ. ಆ ವಾರ ಸಂತರಿಗೆಲ್ಲ ನೇರಳೆ ಬಟ್ಟೆ ಮುಚ್ಚಿರ್ತಾರಲ್ಲ, ಸಂತ ಜೋಸೆಫರ ಬಟ್ಟೆ ಒಳಗೆ ಸುತ್ತಿಟ್ಟೆ. ಶನಿವಾರದವರೆಗೂ ಯಾರೂ ಎತ್ತಿ ನೋಡಲ್ಲ ಅಂತ ಗೊತ್ತಿತ್ತು. ನೀನು ಮೀನಾಗ್ಬಿಡ್ತೀಯ ಅಂತ... ನಿನ್ನ ಕಾಲು ಎರಡೂ ಅಂಟ್ಕೊಂಡು ಹೋದಂಗೆ ಕನಸು ಬೀಳ್ತಿತ್ತು ಕಣೇ ನಂಗೆ."

ನಗಬೇಡಿ. ಹತ್ತೊಂಬತ್ತರ ಹುಡುಗಿ, ಅಮ್ಮ ಹೇಳಿದ್ದನ್ನೆಲ್ಲ ನಂಬಿದವಳು, ಇಗರ್ಜಿಯ ತಣ್ಣನೆಯ ನೆಲದ ಮೇಲೆ ಮೊಣಕಾಲೂರಿದ್ದಳು. ತಂಗಿಯ ಮೇಲೆ ಅವಳಿಗೆ ಪ್ರಾಣವಿತ್ತು.

"ಅಪ್ಪಂಗೆ ಗೊತ್ತಿತ್ತಾ?" ಎಂದಳು ಬೆಲ್ಕಿಸ್.

"ಶನಿವಾರ ಸಂಜೆ ಬಟ್ಟೆ ತೆಗೆಯೋಕೆ ಹೋದೋರೇ ಅಪ್ಪ. ನನ್ನ ರಿಬ್ಬನ್ನಿಂದ ಕಟ್ಟಿದ್ದೆ, ಗುರುತು ಸಿಕ್ತು. ಮನೆಗೆ ಬಂದು ತಾನೇ ಮಾರ್ದೆ ಅಂದ್ರು. ಅಂದದ್ದು ಸುಳ್ಳಾಗ್ಬಾರ್ದು ಅಂತ ಸೋಮವಾರ ನಿಜವಾಗ್ಲೂ ಮಾರ್ಬಿಟ್ರು. ನೀನು ನನ್ನ ಹತ್ರ ಮಾತು ಬಿಟ್ರೆ ನಂಗೆ ತಡ್ಕೊಳೋಕಾಗಲ್ಲ, ತನಗಾದ್ರೆ ಆಗತ್ತೆ ಅಂತ ನನ್ನೊಬ್ಳಿಗೇ ಹೇಳಿದ್ರು."

"ನೀನು ಇಷ್ಟು ವರ್ಷ ಬಾಯಿ ಹೊಲ್ಕೊಂಡಿದ್ದೆ."

"ಹ್ಞೂಂ."

"ಅಪ್ಪ ಸಾಯೋವಾಗ್ಲೂ."



ಬೆಲ್ಕಿಸ್ ಎದ್ದೇಬಿಟ್ಟಳು. ಕುರ್ಚಿ ಹಿಂದಕ್ಕೆ ಬಿತ್ತು. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋದವಳು ಅಲ್ಲೇ ಬೆನ್ನು ತಿರುಗಿಸಿ ನಿಂತಳು, ಭುಜ ಅಲುಗುತ್ತಿತ್ತು. ಹತ್ತಿರ ಹೋಗಲು ಝುನಿಲ್ದಾಳಿಗೆ ಧೈರ್ಯವಾಗಲಿಲ್ಲ. ಪಾಯಸ ತಣ್ಣಗಾಗಿ ಕೆನೆ ಕಟ್ಟಿತು.

"ಚಿಕ್ಕೀ... ಶುಕ್ರವಾರ ತೆಗೆದುಬಿಡ್ಲಾ?" ಎಂದಳು ಯಾರಿಟ್ಸಾ ಮೆಲ್ಲಗೆ.

"ಮುಟ್ಟಿದ್ರೆ ನೋಡು!" ಎಂದಳು ಬೆಲ್ಕಿಸ್, ಮೂಗೊರೆಸಿಕೊಳ್ಳುತ್ತ. "ಈಗ್ಲೇ ಫೋನ್ ಮಾಡು ಆ ಹಲಗೆಯೋನಿಗೆ. ಎರಡು ಹಾಯಿ ಅಂತ ಹೇಳು. ಈ ದರಿದ್ರದೋಳೂ ಇಳೀತಾಳೆ ನನ್ನ ಜೊತೆ."

"ನಂಗೆ ಈಜೋಕೇ ಬರಲ್ಲ," ಎಂದಳು ಝುನಿಲ್ದಾ.

"ಗೊತ್ತು. ಅದಕ್ಕೇ."

ಯಾರಿಟ್ಸಾ ಫೋನು ಮಾಡಿದಳು. ಆ ಕಡೆ ಎತ್ತಿದವನು ದಡದಲ್ಲೇ ಇದ್ದನೆಂದು ಕಾಣುತ್ತದೆ. "ಏನು? ಏನಂದ್ರಿ? ಕೇಳಿಸ್ತಿಲ್ಲ!" ಎಂದು ಕೂಗುತ್ತಿದ್ದ. ಅವನ ಮಾತಿಗಿಂತ ಜೋರಾಗಿ ಗಾಳಿ ಬೀಸುವುದು, ಹಾಯಿಬಟ್ಟೆ ಪಟಪಟನೆ ಬಡಿಯುವುದು ಕೇಳುತ್ತಿತ್ತು. ಝುನಿಲ್ದಾ ಮಗಳ ಕೈಯಿಂದ ಫೋನು ತೆಗೆದುಕೊಂಡು ಹೋಗಿ ತಂಗಿಯ ಕಿವಿಗೆ ಹಿಡಿದಳು. ಬೆಲ್ಕಿಸ್ ಅವಳ ಕೈಯನ್ನು ತಳ್ಳಲಿಲ್ಲ. ಎರಡೂ ಕಣ್ಣು ಮುಚ್ಚಿ ಕೇಳುತ್ತ ನಿಂತಳು. ಕೇಳುತ್ತಿದ್ದಂತೆ ಅವಳ ಕಾಲುಗಳು ಚಪ್ಪಲಿ ಕಳಚಿ, ಸಿಮೆಂಟಿನ ನೆಲದ ಮೇಲೆ, ಹಲಗೆ ಏರಿ ನಿಂತಂತೆ, ಒಂದು ಮುಂದೆ ಒಂದು ಹಿಂದೆ ಅಗಲವಾಗಿ ಊರಿಕೊಂಡವು, ಮಂಡಿ ಸ್ವಲ್ಪ ಬಾಗಿತು.