ನಾಲ್ಕನೇ ಇನಿಂಗ್ಸಿನ ಅಪ್ಪುಗೆ

ವಿಲ್ಕಿನ್ ಕಾಫಿ ಕಪ್ಪನ್ನು ಎಡಗೈಯಲ್ಲಿ ಎತ್ತಿದ. ಬೇರೆ ಯಾರ ಮನೆಯಲ್ಲಾದರೂ ಅದೊಂದು ಸುದ್ದಿಯೇ ಅಲ್ಲ. ಆದರೆ ಎದುರಿಗೆ ಕೂತಿದ್ದ ಮನೆಯ ಯಜಮಾನ ರುಡಿ ನೊವೋಟ್ನಿಯ ಎದೆ ಧಸಕ್ಕೆಂದಿತು. ಹುಡುಗ ಬಲಗೈಯವನು. ಆ ಬಲಗೈಗಾಗಿಯೇ ತಂಡದವರು ಅವನನ್ನು ಡೊಮಿನಿಕನ್ ದೇಶದಿಂದ ಓಹಾಯೋದ ಈ ಸಣ್ಣ ಊರಿಗೆ ಕರೆತಂದಿದ್ದರು. ಬೇಸ್‌ಬಾಲ್ ಚೆಂಡನ್ನು ಗುಂಡು ಹಾರಿಸಿದಂತೆ ಎಸೆಯುವ ಕೈ ಅದು. ಈಗ ಮೇಜಿನ ಕೆಳಗೆ, ತೊಡೆಯ ಮೇಲೆ ಅಡಗಿ ಕೂತಿತ್ತು.

"ಎಲ್ಲಿ, ಆ ಕೈ ಮೇಲಿಡು."

"ಏನಿಲ್ಲ ಡಾನ್ ರುಡಿ. ಅದರ ಮೇಲೇ ಮಲಗಿಬಿಟ್ಟಿದ್ದೆ." ಅವನ ಊರ ಕಡೆ ಹಿರಿಯರನ್ನು ಮರ್ಯಾದೆಗೆ ಡಾನ್ ಎಂದೇ ಕರೆಯುವುದು.

"ಮೇಲಿಡು ಅಂದೆ."

ಇಟ್ಟ. ಊದಿರಲಿಲ್ಲ, ಕೆಂಪಾಗಿರಲಿಲ್ಲ. ಆದರೆ ಕೈ ಪೂರ್ತಿ ನೆಟ್ಟಗಾಗಲಿಲ್ಲ. ರುಡಿ ಜಾಮಿನ ಬಾಟಲಿಯನ್ನು ಅವನ ಮುಂದೆ ತಳ್ಳಿ, ಮುಚ್ಚಳ ತೆಗೆ ಎಂದ. ಹುಡುಗ ಮುಚ್ಚಳದ ಮೇಲೆ ಬೆರಳಿಟ್ಟು, ತಿರುವಲು ನೋಡಿ, ಕೈಬಿಟ್ಟ. ಅವನ ಮೇಲ್ದುಟಿಯ ಮೇಲೆ ಬೆವರು ಮೂಡಿತು.

ಹದಿನೈದು ದಿನದಿಂದ ನೋವಂತೆ. ತಂಡದವರಿಗೆ ಹೇಳಿಲ್ಲವಂತೆ. ಇವತ್ತು ಮಧ್ಯಾಹ್ನದ ಆಟದಲ್ಲಿ ಎಸೆಯುವವನು ಅವನೇ. ಅವನನ್ನು ಅಳೆದು ನೋಡಲು ಬೇರೆ ತಂಡದವರು ಬಂದು ಕೂರುತ್ತಾರೆ. ಸಂಜೆ ನಾಲ್ಕಕ್ಕೆ ಆಟಗಾರರ ಅದಲುಬದಲಿನ ಗಡುವು ಮುಗಿಯುತ್ತದೆ. ಅವನನ್ನು ಬಯಸಿರುವ ತಂಡದಲ್ಲಿ ಎಸೆಯುವವರಿಗೆ ಬರ. ಅಲ್ಲಿಗೆ ಹೋದರೆ ಸೆಪ್ಟೆಂಬರಿನಲ್ಲೇ ದೊಡ್ಡ ಲೀಗಿನ ಮೈದಾನ. ಇಲ್ಲಿ ಉಳಿದರೆ ಅವನ ಮುಂದೆ ಇನ್ನೂ ಮೂವರು ಸಾಲಿನಲ್ಲಿ ನಿಂತಿದ್ದಾರೆ.

"ಇವತ್ತೊಂದು ದಿನ, ಡಾನ್ ರುಡಿ. ಯಾರಿಗೂ ಹೇಳಬೇಡಿ. ಬರ್ನಿಸ್ ಅಮ್ಮನಿಗೂ ಹೇಳಬೇಡಿ. ಅಲ್ಲಿ ಹೋದ್ಮೇಲೆ ನಾನೇ ಹೇಳ್ಕೋತೀನಿ."

ರುಡಿಯ ಹೆಂಡತಿ ಬರ್ನಿಸ್ ಆಗಲೇ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಅವಳಿದ್ದಿದ್ದರೆ ಜಾಮಿನ ಬಾಟಲಿಯ ತನಕ ಮಾತೇ ಬರುತ್ತಿರಲಿಲ್ಲ, ನೇರ ಆಸ್ಪತ್ರೆ. ರುಡಿ ಕಿಟಕಿಯ ಕಡೆ ನೋಡಿದ, ಒಲೆಯ ಕಡೆ ನೋಡಿದ. ಕೊನೆಗೆ "ಆಯ್ತು" ಎಂದ.

ಅಂದ ಮೇಲೆ ಜಾಮಿನ ಬಾಟಲಿಯನ್ನು ಎತ್ತಿ ಕಪಾಟಿನ ಹಿಂದಕ್ಕೆ ತಳ್ಳಿಟ್ಟ.

ಈ ರುಡಿಯನ್ನು ಊರಲ್ಲಿ ರೇಡಿಯೋ ರುಡಿ ಎಂದೇ ಕರೆಯುತ್ತಾರೆ. ಶಿಶುವಿಹಾರದ ಮಕ್ಕಳ ವ್ಯಾನ್ ಓಡಿಸಿ ನಿವೃತ್ತನಾದವನು. ಮಧ್ಯಾಹ್ನದ ಕ್ರೀಡಾ ಹರಟೆಗೆ ಫೋನ್ ಮಾಡುವುದು ಈಗಿನ ಉದ್ಯೋಗ. ಜುಲೈ ಬಂತೆಂದರೆ ಅವನ ಬಾಯಿಗೆ ಬೀಗವಿಲ್ಲ. ಆ ತಿಂಗಳ ಕೊನೆಯೊಳಗೆ ಗೆಲ್ಲುವ ಆಸೆಯಿರುವ ತಂಡಗಳು ತಮ್ಮ ಮರಿತಂಡಗಳಲ್ಲಿ ಬೆಳೆಯುತ್ತಿರುವ ಹುಡುಗರನ್ನು ಕೊಟ್ಟು ಪಳಗಿದ ಆಟಗಾರರನ್ನು ತರುತ್ತವೆ. ಕೊಡಬೇಕೋ ಇಟ್ಟುಕೊಳ್ಳಬೇಕೋ ಎಂಬ ಜಗಳದಲ್ಲಿ ಇಲ್ಲಿ ಎಷ್ಟೋ ಭಾವ-ಮೈದುನರು ಮಾತು ಬಿಟ್ಟಿದ್ದಾರೆ. ರುಡಿ ಕೊಡುವ ಪಕ್ಷ. ಈ ಊರಿನ ಮರಿತಂಡವನ್ನು ಸಾಕುವ ದೊಡ್ಡ ತಂಡ ಕಪ್ಪು ಗೆದ್ದದ್ದನ್ನು ಅವನ ಅಪ್ಪ ನೋಡಿದ್ದ. ಇವನ ಕೂದಲು ಬೆಳ್ಳಗಾದರೂ ಇವನಿಗೆ ಆ ಭಾಗ್ಯ ಬಂದಿರಲಿಲ್ಲ.

"ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಸೋರು ಕಣ್ರೀ ನೀವು," ಎಂದು ರೇಡಿಯೋದಲ್ಲಿ ಹರಿಹಾಯುತ್ತಿದ್ದ. "ಎಳೆಕಾಯಿ ಎಣಿಸ್ತಾ ಕೂತ್ರೆ ಹಸಿವು ಹೋಗುತ್ತಾ? ಹತ್ತರಲ್ಲಿ ಒಂಬತ್ತು ಉದುರಿ ಹೋಗುತ್ತೆ. ಉದುರೋಕ್ಮುಂಚೆ ಮಾರಿ, ಹಣ್ಣು ತನ್ನಿ."

ಈ ವರ್ಷ ಹಣ್ಣು ಎಂದರೆ ಮೂರನೇ ಬೇಸು ಕಾಯುವ ಒಬ್ಬ ಗಟ್ಟಿ ದಾಂಡಿಗ. ಅವನಿಗೆ ಬದಲಾಗಿ ಎದುರಿನವರು ಕೇಳುತ್ತಿದ್ದದ್ದು ವಿಲ್ಕಿನ್ ಪೆಗೇರೋನನ್ನೇ. ಕೊಟ್ಟುಬಿಡಿ ಎಂದು ರುಡಿ ಮೂರು ವಾರದಿಂದ ಕೂಗುತ್ತಿದ್ದ. ಬೇಸಿಗೆಯಲ್ಲಿ ಮರಿತಂಡದ ಹುಡುಗರನ್ನು ಮನೆಯಲ್ಲಿಟ್ಟುಕೊಳ್ಳುವುದು ಈ ಊರಿನ ರೂಢಿ. ಆ ಹುಡುಗ ಇರುವುದು ರುಡಿಯ ಮನೆಯಲ್ಲೇ ಎಂದು ಗೊತ್ತಿದ್ದ ರೇಡಿಯೋದವನು, ಊಟ ಹಾಕಿದವರೇ ಮಾರಾಟಕ್ಕೂ ನಿಂತಿರಲ್ಲ ಎಂದು ಕಾಲೆಳೆದಿದ್ದ. ಮನೆ ಬೇರೆ, ಮೈದಾನ ಬೇರೆ ಎಂದಿದ್ದ ರುಡಿ. ಪಕ್ಕದ ಕೋಣೆಯಲ್ಲಿ ವಿಲ್ಕಿನ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಮೈದಾನಕ್ಕೆ ಹೋಗುವಾಗ ಹುಡುಗ ಎಂದಿನಂತೆ ಕಾರಿನ ಮುಂದಿನ ಸೀಟಿನಲ್ಲಿ ಕೂತು ರೇಡಿಯೋ ತಿರುವಿದ, ಎಡಗೈಯಲ್ಲಿ. ಮಾತುಕತೆ ಇನ್ನೇನು ಕುದುರಿತು ಎನ್ನುತ್ತಿದ್ದರು. ಅವನು ಡ್ಯಾಶ್‌ಬೋರ್ಡಿನ ಮೇಲೆ ತಟ್ಟಿ, "ಕೇಳಿದ್ರಾ ಡಾನ್ ರುಡಿ, ನಿಮ್ಮ ದಾಂಡಿಗ ಬಂದೇಬಿಟ್ಟ," ಎಂದ. ರುಡಿ ನಗಲು ನೋಡಿದ. ಸುಮ್ಮನಿದ್ದರೆ ಹುಡುಗನಿಗೂ ಒಳ್ಳೆಯದು, ತಂಡಕ್ಕೂ ಒಳ್ಳೆಯದು, ತನಗೂ ಒಳ್ಳೆಯದು. ಎಲ್ಲರಿಗೂ ಒಳ್ಳೆಯದಾಗುವ ವಿಷಯಕ್ಕೆ ಕೈ ಯಾಕೆ ಹೀಗೆ ತಣ್ಣಗಾಗುತ್ತಿದೆ?

ಯಾಕೆಂದು ಅವನಿಗೆ ಗೊತ್ತಿತ್ತು. ಕೆಲವು ವರ್ಷದ ಹಿಂದೆ ಇದೇ ಮನೆಯಲ್ಲಿ ಟ್ರೆವರ್ ಎಂಬ ಹುಡುಗನಿದ್ದ. ಅವನೂ ನೋವು ಮುಚ್ಚಿಟ್ಟು ಎಸೆದ. ಮೊಣಕೈ ಹೋದ ಸದ್ದು, ಒಣಕಡ್ಡಿ ಮುರಿದಂಥ ಸದ್ದು, ಮೇಲಿನ ಸಾಲಿನ ತನಕ ಕೇಳಿತ್ತು. ಈಗ ಕಾನ್ಸಸ್‌ನಲ್ಲಿ ಮನೆಗಳಿಗೆ ಬಣ್ಣ ಬಳಿಯುತ್ತಾನೆ, ಎಡಗೈಯಲ್ಲಿ. ಕ್ರಿಸ್ಮಸ್ಸಿಗೆ ತಪ್ಪದೆ ಕಾರ್ಡು ಕಳಿಸುತ್ತಾನೆ.

ರುಡಿ ತನ್ನ ಮಾಮೂಲಿ ಜಾಗದಲ್ಲಿ, ತಂಡದ ಬೆಂಚಿನ ಮೇಲಿನ ಸಾಲಿನಲ್ಲಿ ಕೂತ. ಪಕ್ಕದಲ್ಲಿ ಹಳೇ ಸ್ನೇಹಿತ, ಕ್ಷೌರದಂಗಡಿಯ ಲೈಲ್, ಕಡಲೆಕಾಯಿ ಬಿಡಿಸುತ್ತಿದ್ದ. ಎದುರುಗಡೆ ಸ್ಕೌಟುಗಳು, ಬೇರೆ ತಂಡದ ಅಳೆಯುವವರು, ವೇಗ ಅಳೆಯುವ ಗನ್ನು ಹಿಡಿದು ಹದ್ದುಗಳ ಹಾಗೆ ಕೂತಿದ್ದರು. ಗಡುವಿನ ದಿನ ಇಲ್ಲಿಯವರ ಕಣ್ಣು ಅರ್ಧ ಆಟದ ಮೇಲೆ, ಅರ್ಧ ಬೆಂಚಿನ ಮೇಲೆ. ಆಟದ ನಡುವೆ ಒಬ್ಬನನ್ನು ವಾಪಸು ಕರೆದು, ಬೆಂಚಿನಲ್ಲಿ ಜೊತೆಯವರು ಒಬ್ಬೊಬ್ಬರಾಗಿ ತಬ್ಬಿಕೊಂಡರೆ ಅವನು ಬೇರೆ ತಂಡಕ್ಕೆ ಹೋದ ಎಂದೇ ಅರ್ಥ. ರೇಡಿಯೋಕ್ಕಿಂತ ಮೊದಲು ಸುದ್ದಿ ತಿಳಿಸುವುದು ಆ ಅಪ್ಪುಗೆ.

"ಇವತ್ತು ಅಪ್ಪುಗೆ ಗ್ಯಾರಂಟಿ ಕಣಯ್ಯ," ಎಂದ ಲೈಲ್. "ನಿನ್ನ ಮುಖ ಯಾಕೆ ಹಿಂಗೆ ಹರಳೆಣ್ಣೆ ಕುಡಿದೋರ ಥರ ಆಗಿದೆ?"

ಬಿಸಿಲು ಎಂದ ರುಡಿ.

ವಿಲ್ಕಿನ್ ಚೆನ್ನಾಗಿಯೇ ಎಸೆದ. ಅದೇ ಭಯ. ಒಂಬತ್ತು ಇನಿಂಗ್ಸುಗಳಲ್ಲಿ ಮೊದಲ ಎರಡರಲ್ಲಿ ಎದುರಾಳಿಗಳ ದಾಂಡಿಗೆ ಚೆಂಡು ಸೋಕಲಿಲ್ಲ. ಸ್ಕೌಟುಗಳು ತಲೆ ತಲೆ ಹತ್ತಿರ ತಂದು ಮಾತಾಡಿಕೊಂಡರು. ಪ್ರತಿ ಎಸೆತಕ್ಕೂ ಜನ ಚಪ್ಪಾಳೆ ತಟ್ಟಿದರು, ರುಡಿ ಕಣ್ಣು ಮುಚ್ಚಿದ. ಚೆಂಡು ದಾಂಡಿಗನ ಹಿಂದೆ ಕೂತ ಕ್ಯಾಚರನ ಕೈಗವಸಿಗೆ ಬಡಿದ ಸದ್ದು ಬಂದ ಮೇಲೆ ಕಣ್ಣು ತೆರೆದು, ಹುಡುಗನ ಬಲಗೈ ಇನ್ನೂ ಭುಜಕ್ಕೆ ಅಂಟಿಕೊಂಡಿದೆಯೇ ಎಂದು ನೋಡಿದ. ನಲವತ್ತು ವರ್ಷ ಆಟ ನೋಡಿದವನು ಆಟಕ್ಕೆ ಇಷ್ಟು ಹೆದರಿದ್ದು ಇದೇ ಮೊದಲು. ದೇವರೇ, ಇದೊಂದು ಇನಿಂಗ್ಸು ದಾಟಿಸು ಎಂದು ಬೇಡಿಕೊಂಡ. ದಾಟಿತು. ಮತ್ತೆ ಅದನ್ನೇ ಬೇಡಿಕೊಂಡ.

ನಾಲ್ಕನೆಯದರಲ್ಲಿ ಹುಡುಗ ಎರಡು ಚೆಂಡು ಎಸೆದು, ಬೆನ್ನು ತಿರುಗಿಸಿ, ಬೆರಳುಗಳನ್ನು ಒದರಿದ. ನೀರು ಕೊಡವಿದ ಹಾಗೆ, ಒಂದೇ ಸಲ. ಯಾರೂ ಗಮನಿಸಲಿಲ್ಲ. ಟ್ರೆವರ್ ಕೂಡ ಹೀಗೇ ಒದರಿದ್ದ. ರುಡಿಗೆ ಕೊಟ್ಟ ಮಾತು ನೆನಪಾಯಿತು, ಹುಡುಗ ಡ್ಯಾಶ್‌ಬೋರ್ಡು ತಟ್ಟಿದ್ದು ನೆನಪಾಯಿತು, ಮೂರನೇ ಬೇಸಿನ ದಾಂಡಿಗನೂ ನೆನಪಾದ, ಸುಳ್ಳೇಕೆ. ಆದರೆ ಕಾಲು ಆಗಲೇ ಮೆಟ್ಟಿಲಿಳಿಯುತ್ತಿತ್ತು. "ಎಲ್ಲಿಗೋ, ಈಗ?" ಎಂದ ಲೈಲ್ ಹಿಂದಿನಿಂದ.

ಬೆಂಚಿನ ತುದಿಯಲ್ಲಿ, ಕಂಬಿಯ ಆಚೆ, ತಂಡದ ಫಿಜಿಯೋ ಗ್ಲೆನ್ ನಿಂತಿದ್ದ. ಶಿಶುವಿಹಾರಕ್ಕೆ ರುಡಿಯ ವ್ಯಾನಿನಲ್ಲಿ ಹೋದವನೇ; ಈಗಲೂ ಅವನನ್ನು ಕಂಡರೆ ನೆಟ್ಟಗೆ ನಿಲ್ಲುತ್ತಾನೆ.

"ಗ್ಲೆನ್, ಆ ಹುಡುಗನ ಮೊಣಕೈ ನೋಡು."

"ಯಾಕ್ಸಾರ್, ಏನಾದ್ರೂ ಹೇಳಿದ್ನಾ?"

"ಯಾರಿಗೂ ಹೇಳಬೇಡಿ ಅಂತ ಹೇಳಿದಾನೆ. ಬೆಳಿಗ್ಗೆ ಜಾಮ್ ಬಾಟಲಿ ತೆಗೆಯೋಕಾಗಲಿಲ್ಲ ಅವನ ಕೈಲಿ."

ಗ್ಲೆನ್ ನೇರ ಮ್ಯಾನೇಜರನ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದ. ಮ್ಯಾನೇಜರ್ ಜಾಣ. ಫಿಜಿಯೋವನ್ನು ಕರೆದುಕೊಂಡು ಹೋದರೆ ಎದುರಿಗೆ ಕೂತ ಸ್ಕೌಟುಗಳಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ಅವನು ಒಬ್ಬನೇ ಮೈದಾನದ ಮಧ್ಯಕ್ಕೆ ನಡೆದು, ಒಂದು ಮಾತೂ ಆಡದೆ ಕೈಚಾಚಿ ಚೆಂಡು ಇಸಿದುಕೊಂಡ.

ತಪ್ಪಾದದ್ದು ಆಮೇಲೆ. ಗಡುವಿನ ದಿನ, ಚೆನ್ನಾಗಿ ಎಸೆಯುತ್ತಿರುವವನನ್ನು, ನಾಲ್ಕನೇ ಇನಿಂಗ್ಸಿನ ಮಧ್ಯೆ ವಾಪಸು ಕರೆದರೆ ಬೇರೆ ಯಾವ ಅರ್ಥ? ಬೆಂಚಿನ ಹುಡುಗರು ಎದ್ದರು. ವಿಲ್ಕಿನ್ ಗೆರೆ ದಾಟಿ ಬರುತ್ತಿದ್ದಂತೆ ಮೊದಲನೆಯವನು ಅವನನ್ನು ತಬ್ಬಿಕೊಂಡ. ಆಮೇಲೆ ಇನ್ನೊಬ್ಬ, ಆಮೇಲೆ ಸಾಲಿಗೆ ಸಾಲು. ಅಪ್ಪುಗೆ ಕಂಡದ್ದೇ ತಡ, ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಲೈಲ್ ಕಡಲೆಕಾಯಿ ಚೆಲ್ಲಿಕೊಂಡು ಕೆಳಗೋಡಿ ಬಂದು ರುಡಿಯ ಕುತ್ತಿಗೆಗೇ ಜೋತುಬಿದ್ದ.

"ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು ಕಣೋ! ಬಂದ ನಿನ್ನ ದಾಂಡಿಗ."

ರುಡಿಗೆ ಅವನ ಮಾತು ದೂರದಿಂದ ಕೇಳಿದಂತಿತ್ತು. ಅವನು ನೋಡುತ್ತಿದ್ದದ್ದು ಹುಡುಗನನ್ನು. ವಿಲ್ಕಿನ್ ನಂಬಿಬಿಟ್ಟಿದ್ದ. ಅಪ್ಪುಗೆಯಿಂದ ಅಪ್ಪುಗೆಗೆ ದಾಟುತ್ತ ಅಳುತ್ತಿದ್ದ, ನಗುತ್ತಿದ್ದ. ತಲೆಯೆತ್ತಿ ರುಡಿಯನ್ನು ಹುಡುಕಿ, ಕಂಬಿಯ ಹತ್ತಿರವೇ ಕಂಡು, ಟೊಪ್ಪಿಗೆ ತೆಗೆದು ಎತ್ತರಕ್ಕೆ ಹಿಡಿದ. ತಾನು ಗೆದ್ದೆ, ನೀವೂ ಗೆದ್ದಿರಿ ಎನ್ನುವ ಹಾಗೆ. ರುಡಿ ಏನು ಮಾಡಬೇಕಿತ್ತು? ತನ್ನ ಟೊಪ್ಪಿಗೆಯನ್ನೂ ತೆಗೆದು ಎತ್ತಿದ. ಅವನ ಜನ್ಮದಲ್ಲಿ ಅಷ್ಟು ಭಾರದ ಟೊಪ್ಪಿಗೆ ಎತ್ತಿರಲಿಲ್ಲ.

ಸಾಲಿನ ಕೊನೆಯಲ್ಲಿ ಗ್ಲೆನ್ ಇದ್ದ. ಅವನು ತಬ್ಬಿಕೊಳ್ಳಲಿಲ್ಲ. ಹುಡುಗನ ಬಲ ಮೊಣಕೈಯನ್ನು ಎರಡು ಕೈಯಲ್ಲೂ ಮೆಲ್ಲಗೆ ಹಿಡಿದ. ವಿಲ್ಕಿನ್‌ನ ನಗು ಒಂದು ಕ್ಷಣ ಹಾಗೆಯೇ ಉಳಿದು, ಆಮೇಲೆ ಹೋಯಿತು. ಅವನು ಮತ್ತೊಮ್ಮೆ ಕಂಬಿಯ ಕಡೆ ನೋಡಿದ. ಈ ಸಲ ರುಡಿ ಮುಖ ತಗ್ಗಿಸಿದ. ಮೇಲೆ ಜನ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಆಟ ಮುಗಿಯುವ ತನಕ ಕೂರಲಾಗದೆ ರುಡಿ ಕಾರಿನ ಹತ್ತಿರ ಹೋಗಿ ನಿಂತ. ಹೇಳಿದ್ದು ತಡವಾಯಿತೇ? ಬೆಳಿಗ್ಗೆಯೇ ಬಾಯಿಬಿಟ್ಟಿದ್ದರೆ ಅಷ್ಟು ಚೆಂಡು ಉಳಿಯುತ್ತಿತ್ತಲ್ಲ. ಅಥವಾ ಏನೂ ಆಗಿರದೆ, ಬರೀ ಹೆದರಿ, ಹುಡುಗನ ಬಾಳಿಗೇ ಕಲ್ಲು ಹಾಕಿದೆನೇ? ಇನ್ನು ಇವನು ಮನೆಗೆ ಬರುತ್ತಾನೋ ಇಲ್ಲವೋ. ಬರ್ನಿಸ್ ರಾತ್ರಿಗೆ ಅವನಿಗೆಂದೇ ಕಾಳು ನೆನೆಹಾಕಿ ಹೋಗಿದ್ದಾಳೆ. ಯಾವುದನ್ನು ನೆನೆದರೂ ಭಯವಾಗುತ್ತಿತ್ತು. ನಡುವೆ ಗ್ಲೆನ್ ಬಂದು, ಹರಿದಿದೆಯೋ ಬರೀ ಎಳೆದಿದೆಯೋ ನಾಳೆ ಸ್ಕ್ಯಾನ್ ಆಗದೆ ಹೇಳಲಾಗದು ಎಂದು ಹೇಳಿ ಹೋದ. ಸ್ಕೌಟುಗಳ ಕಾರುಗಳು ಒಂದೊಂದಾಗಿ ಹೊರಟವು.

ವಿಲ್ಕಿನ್ ಬಂದ. ಬಲಗೈಗೆ ಭುಜದಿಂದ ಮುಂಗೈತನಕ ಮಂಜುಗಡ್ಡೆಯ ಚೀಲ ಸುತ್ತಿ ಪಟ್ಟಿ ಕಟ್ಟಿದ್ದರು. ಕಾರಿಗೆ ನಾಲ್ಕು ಮಾರು ದೂರದಲ್ಲಿ ನಿಂತ.

"ನಿಮಗೊಬ್ಬರಿಗೇ ಗೊತ್ತಿತ್ತು."

"ಹೌದು ಮಗಾ. ನಾನೇ ಹೇಳಿದೆ."

"ಆಯ್ತು ಅಂದಿದ್ರಿ."

"ಅಂದಿದ್ದೆ. ಆಮೇಲೆ ಹೆದರಿಕೆ ಆಯ್ತು."

ವಿಲ್ಕಿನ್ ಮುಂದಿನ ಬಾಗಿಲನ್ನು ದಾಟಿ, ಹಿಂದಿನ ಬಾಗಿಲು ತೆರೆದು, ಹಿಂದಿನ ಸೀಟಿನಲ್ಲಿ ಕೂತ.

ರುಡಿ ಕೀಲಿ ತಿರುವಿದ. ಕಾರಿನ ಜೊತೆ ರೇಡಿಯೋವೂ ಎದ್ದಿತು: ಈಗ ಬಂದ ಸುದ್ದಿ, ಮೂರನೇ ಬೇಸಿನ ದಾಂಡಿಗ ಕೊನೆಗೂ ಹೊರಟ, ಯಾವ ಊರಿಗೆ ಗೊತ್ತೇ... ಊರಿನ ಹೆಸರು ಬರುವ ಮೊದಲೇ ರುಡಿ ಅದನ್ನು ಆರಿಸಿದ.

ಕಾರು ಮುಂದಕ್ಕೆ ಬಿಡಲಿಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು. ಹುಡುಗ ಎಡಗೈಯೊಂದರಲ್ಲೇ ಸೀಟ್‌ಬೆಲ್ಟಿನ ಕೊಂಡಿ ಸಿಕ್ಕಿಸಲು ಹೆಣಗುತ್ತಿದ್ದ. ಕೊಂಡಿ ಮಂಜುಗಡ್ಡೆಯ ಚೀಲಕ್ಕೆ ತಾಗಿ ಜಾರುತ್ತಿತ್ತು. ಮತ್ತೆ ಎಳೆದ, ಮತ್ತೆ ಜಾರಿತು.

ರುಡಿ ಇಳಿದು, ಕಾರು ಸುತ್ತಿ ಬಂದು, ಹಿಂದಿನ ಬಾಗಿಲು ತೆರೆದು, ಮಂಡಿ ಬಗ್ಗಿಸಿ ಒಳಗೆ ಬಾಗಿದ. ವ್ಯಾನಿನಲ್ಲಿ ದಿನಾ ಮಾಡುತ್ತಿದ್ದ ಕೆಲಸ, ಕೈಗೆ ಮರೆತಿರಲಿಲ್ಲ. ಬೆಲ್ಟನ್ನು ಎಳೆದು ಹುಡುಗನ ಎದೆಯ ಅಡ್ಡಕ್ಕೆ ತಂದ. ವಿಲ್ಕಿನ್ ಅವನ ಕಡೆ ನೋಡಲಿಲ್ಲ. ಕಿಟಕಿಯ ಕಡೆಗೆ ಮುಖ ತಿರುಗಿಸಿದ್ದ. ಆದರೆ ಕೊಂಡಿಗೆ ದಾರಿಯಾಗಲೆಂದು ಪಟ್ಟಿ ಕಟ್ಟಿದ ಕೈಯನ್ನು ಸ್ವಲ್ಪ ಮೇಲೆತ್ತಿ, ಅದು ಕಟಕ್ಕೆಂದು ಸಿಕ್ಕಿಕೊಳ್ಳುವ ತನಕ ಹಾಗೆಯೇ ಹಿಡಿದುಕೊಂಡಿದ್ದ.