ಐಸ್ ಫ್ಯಾಕ್ಟರಿಯ ಹಿಂದಿನ ಗೋಡೆ

"ಬೌಲಿಂಗ್ ಅಂದ್ರೆ ಮೈದಾನ ಬೇಕಲ್ಲಮ್ಮ, ಶೆಡ್ಡೊಳಗೆ ಹೆಂಗೆ ಆಡ್ತಾರೆ?" ಎಂದು ಯೋಜನಾ ಸಮಿತಿಯ ಅಧ್ಯಕ್ಷರು ಕೇಳಿದಾಗ ಪುರಸಭೆಯ ಸಭಾಂಗಣದಲ್ಲಿ ಕೂತಿದ್ದವರಲ್ಲಿ ಅರ್ಧ ಜನ ನಕ್ಕರು. ಇನ್ನರ್ಧ ಜನ, ತಮಗೂ ಅದೇ ಅನುಮಾನವಿದ್ದುದರಿಂದ, ಸುಮ್ಮನಿದ್ದರು.

ಮೈಕಿನ ಮುಂದೆ ನಿಂತಿದ್ದ ಬ್ರೇಕಕ್ಕ ನಗಲಿಲ್ಲ. ಊರಿನ ಅರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದವಳು ಅವಳು. ಪಕ್ಕದ ಸೀಟಿನಲ್ಲಿ ಕೂತು "ಬ್ರೇಕ್, ಬ್ರೇಕ್" ಎಂದು ಕೂಗಿ ಕೂಗಿಯೇ ಆ ಹೆಸರು ಸಂಪಾದಿಸಿದ್ದಳು. ಅಧ್ಯಕ್ಷರೂ ಅವಳ ಶಿಷ್ಯರೇ. ಕಲಿಯುವ ಕಾಲದಲ್ಲಿ ಕಾರನ್ನು ಹಿಂದಕ್ಕೆ ತೆಗೆಯಲು ಹೋಗಿ ಹಾಲಿನ ಅಂಗಡಿಯ ಮೆಟ್ಟಿಲು ಹತ್ತಿಸಿದ್ದರು. ಅದಕ್ಕೇ ಏನೋ, ಇಂದಿಗೂ ಅವಳೊಂದಿಗೆ ಮಾತಾಡುವಾಗ ಅವರ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು.

"ಅದು ಕ್ರಿಕೆಟ್ ಬೌಲಿಂಗ್ ಅಲ್ಲ ಸರ್," ಎಂದಳು. "ಉದ್ದಕ್ಕೆ ಮರದ ಹಾಸು ಹಾಕಿರ್ತಾರೆ. ಈ ತುದೀಲಿ ನಿಂತು ಭಾರದ ಚೆಂಡು ಉರುಳಿಸೋದು, ಆ ತುದೀಲಿ ನಿಲ್ಲಿಸಿರೋ ಗೂಟಗಳು ಬೀಳ್ಬೇಕು."

"ಬಿದ್ಮೇಲೆ?"

"ಮತ್ತೆ ನಿಲ್ಲಿಸ್ತಾರೆ."

"ಹಾಗಾದ್ರೆ ನಮ್ಮ ಪುರಸಭೆ ಕಾಮಗಾರಿ ಇದ್ದಂಗೆ," ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಈ ಸಲ ಅಧ್ಯಕ್ಷರನ್ನು ಬಿಟ್ಟು ಎಲ್ಲರೂ ನಕ್ಕರು.

ಪುರಸಭೆಯ ನಕ್ಷೆಯಲ್ಲಿ ಆ ಬೀದಿ ಇನ್ನೂ ಕೈಗಾರಿಕಾ ವಲಯವೆಂದೇ ಇತ್ತು. ನಿಜದಲ್ಲಿ ಅಲ್ಲಿ ಇದ್ದುದೆಲ್ಲ ಮನೆಗಳು; ಕೈಗಾರಿಕೆಯ ಹೆಸರಿಗೆ ಉಳಿದದ್ದು ಬೀಗ ಜಡಿದ ಐಸ್ ಫ್ಯಾಕ್ಟರಿ ಒಂದೇ. ಅದನ್ನು ಬೌಲಿಂಗ್ ಹಾಲ್ ಮಾಡಬೇಕಾದರೆ ಆ ಜಾಗವನ್ನು ಮನರಂಜನೆಗೆ ಬಳಸಲು ಸಮಿತಿ ಒಪ್ಪಬೇಕು. ಒಪ್ಪುವ ಮೊದಲು ಅಕ್ಕಪಕ್ಕದವರ ಆಕ್ಷೇಪಣೆ ಕೇಳಬೇಕು. ಇವತ್ತಿನ ಸಭೆ ಅದಕ್ಕೇ ಕರೆದದ್ದು.

ಈ ಹುಚ್ಚು ಅವಳಿಗೆ ಹಿಡಿದದ್ದು ಗಂಡನಿಂದ. ಅವನು ಅದೇ ಐಸ್ ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದವನು. ಫ್ಯಾಕ್ಟರಿ ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ವೆಲ್ಡಿಂಗ್ ಮಾಡಿದ, ಪಂಪು ರಿಪೇರಿ ಮಾಡಿದ. ಕೈಗೆ ಕೆಲಸ ಸಿಕ್ಕಿತು, ಆದರೆ ಬಾಯಿ ಮುಚ್ಚಿಹೋಯಿತು. ಕೇಳಿದ್ದಕ್ಕೆ ಹ್ಞಾಂ, ಹ್ಞೂಂ. ಕೇಳದಿದ್ದರೆ ಅದೂ ಇಲ್ಲ. ಕಳೆದ ವರ್ಷ ಸೊಸೆಯ ತವರಿನವರು ದೊಡ್ಡ ಊರಿನಲ್ಲಿ ಒಂದು ಬೌಲಿಂಗ್ ಹಾಲ್‌ಗೆ ಎಲ್ಲರನ್ನೂ ಕರೆದುಕೊಂಡು ಹೋದಾಗ, ಒತ್ತಾಯಕ್ಕೆ ಅವನೂ ಒಂದು ಚೆಂಡು ಉರುಳಿಸಿದ. ಗೂಟಗಳೆಲ್ಲ ಉದುರಿದವು. ಅವನು ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಬೇರೆ ಯಾರೋ ನಕ್ಕರೆಂದು ಬ್ರೇಕಕ್ಕ ತಿರುಗಿ ನೋಡಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡು, "ನಮ್ಮ ಫ್ಯಾಕ್ಟರೀಲಿ ಒಂದೂ ಕಂಬ ಇಲ್ಲ. ಉದ್ದ ಸರಿಯಾಗಿ ಬರುತ್ತೆ," ಎಂದ. ಅಷ್ಟೇ ಅಂದದ್ದು. ಅವಳು ಆ ಮಾತಿನ ತುದಿ ಹಿಡಿದವಳು ಮತ್ತೆ ಬಿಡಲಿಲ್ಲ.

ಆಕ್ಷೇಪಣೆಗಳು ಶುರುವಾದವು. ಔಷಧಿ ಅಂಗಡಿಯವನು ಗಾಡಿಗಳನ್ನು ಎಲ್ಲಿ ನಿಲ್ಲಿಸುತ್ತೀರೆಂದು ಕೇಳಿದ. ಫ್ಯಾಕ್ಟರಿಯ ಮುಂದೆ ಲಾರಿಗಳು ತಿರುಗುತ್ತಿದ್ದ ಅಂಗಳವಿದೆ, ಗಾಡಿ ನಿಲ್ಲಿಸುವುದನ್ನು ನನಗೆ ಹೇಳಿಕೊಡಬೇಡ ಎಂದಳು. ನಿವೃತ್ತ ಹೆಡ್ಮಾಸ್ತರರೊಬ್ಬರು ಪಡ್ಡೆ ಹುಡುಗರು ಬಂದು ಸೇರುತ್ತಾರೆಂದು ಆತಂಕಪಟ್ಟರು. ಈಗ ಸೇತುವೆಯ ಕೆಳಗೆ ಸೇರುತ್ತಾರಲ್ಲ, ಅದಕ್ಕಿಂತ ಬೆಳಕಿರುವ ಜಾಗ ವಾಸಿಯಲ್ಲವೇ ಎಂದಳು. ಒಂದೊಂದಕ್ಕೂ ಉತ್ತರ ಕೊಡುತ್ತಾ ಅವಳಿಗೆ ಧೈರ್ಯ ಬಂತು. ಬೀದಿಯ ಪ್ರತಿ ಮನೆಗೂ ಹೋಗಿ, ಕೂತು, ಮಾತಾಡಿ ಬಂದದ್ದು ವ್ಯರ್ಥವಾಗಲಿಲ್ಲ ಎಂದುಕೊಂಡಳು.

ಆಗ ಗೋಡೆಯ ಪಕ್ಕದ ಕುರ್ಚಿಯಿಂದ ಅತ್ತಿಗೆ ಎದ್ದು ನಿಂತರು.

ಅವಳ ಗಂಡನ ಅಕ್ಕ. ಫ್ಯಾಕ್ಟರಿಯ ಹಿಂದಿನ ಗೋಡೆಯೇ ಅವರ ಹಿತ್ತಲಿನ ಗೋಡೆ. ಅವರು ಸಭೆಗೆ ಬಂದದ್ದನ್ನು ಗಂಡ ಹೆಂಡತಿ ಇಬ್ಬರೂ ನೋಡಿರಲಿಲ್ಲ. ಗಲಾಟೆ ಜಾಸ್ತಿಯಾಗುತ್ತೆ ಎಂದರು ಅತ್ತಿಗೆ, ಮೆತ್ತಗೆ. ಬ್ರೇಕಕ್ಕ, ಹಿಂದಿನ ಗೋಡೆಗೆ ಶಬ್ದ ತಡೆಯುವ ಹಲಗೆ ಹೊಡೆಸುತ್ತೇವೆ, ನಕ್ಷೆಯಲ್ಲೇ ಇದೆ ಎಂದಳು. ಚೆಂಡು ಉರುಳುವ ಸದ್ದು ಅಲ್ಲಿಗೆ ಕೇಳುವುದಿಲ್ಲವೆಂದು ಪುರಸಭೆಯ ಎಂಜಿನಿಯರರೂ ತಲೆಯಾಡಿಸಿದರು.

"ಹಾಗಾದ್ರೆ ನಿಮ್ಮ ಆಕ್ಷೇಪಣೆ ಇತ್ಯರ್ಥ ಆಯ್ತು ತಾನೇ?" ಎಂದರು ಅಧ್ಯಕ್ಷರು.

ಅತ್ತಿಗೆ ಕೂರಲಿಲ್ಲ. ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. "ಚೆಂಡಿನ ಸದ್ದಲ್ಲ," ಎಂದರು. "ಅಲ್ಲಿ ಜನ ನಗ್ತಾರೆ. ಅದು ನನಗೆ ಕೇಳ್ಸುತ್ತೆ."

ಸಭೆಯಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಫ್ಯಾಕ್ಟರಿಯಲ್ಲಿ ಕೊಳವೆ ಒಡೆದು ಅಮೋನಿಯಾ ಸೋರಿದ ದಿನ ಒಳಗೆ ಸಿಕ್ಕಿಬಿದ್ದು ಸತ್ತವನು ಅತ್ತಿಗೆಯ ಗಂಡ. ಆಮೇಲೆ ಫ್ಯಾಕ್ಟರಿ ತೆರೆಯಲೇ ಇಲ್ಲ. ಬ್ರೇಕಕ್ಕ ತನ್ನ ಗಂಡನ ಕಡೆ ನೋಡಿದಳು. ಅವನು ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನ್ನೇ ನೋಡುತ್ತಿದ್ದ. ಅಧ್ಯಕ್ಷರು ಕೆಮ್ಮಿ, ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ ಎಂದರು.

ಹೊರಗೆ ಬಂದಾಗ ಅಧ್ಯಕ್ಷರು ಅವಳನ್ನು ಪಕ್ಕಕ್ಕೆ ಕರೆದರು. ಶಬ್ದಕ್ಕೆ ಇಂತಿಷ್ಟೆಂದು ಮಿತಿಯಿದೆ, ನಗುವಿಗೆ ಯಾವ ನಿಯಮದಲ್ಲೂ ಮಿತಿಯಿಲ್ಲ, ಅದು ಆಕ್ಷೇಪಣೆಯಾಗಿ ನಿಲ್ಲುವುದಿಲ್ಲ. ಮುಂದಿನ ಸಲ ಆಗಿಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ ಎಂದು ಹೇಳಿ ಬೆನ್ನು ತಟ್ಟುವಂತೆ ಕೈ ಎತ್ತಿ, ಯಾಕೋ ತಟ್ಟದೆ ಇಳಿಸಿದರು. ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಮನೆಗೆ ಬಂದು ಗಂಡ ಮೇಜಿನ ಮೇಲೆ ಹರಡಿದ್ದ ನಕ್ಷೆಯನ್ನು ಸುರುಳಿ ಸುತ್ತಿದ. "ಅಕ್ಕ ಬೇಡ ಅಂದ್ಮೇಲೆ ಬೇಡ ಬಿಡು."

"ಅವ್ರು ಬೇಡ ಅಂದಿಲ್ಲ ಕಣ್ರೀ. ಕೇಳ್ಸುತ್ತೆ ಅಂದ್ರು, ಅಷ್ಟೆ."

ಅವನು ಸುರುಳಿಗೆ ದಾರ ಕಟ್ಟಿ ಅಟ್ಟದ ಮೇಲಿಟ್ಟ. ಅವಳಿಗೆ ಅವನ ಮೇಲೆ ಬಂದ ಸಿಟ್ಟು ಸ್ವಲ್ಪ ಹೊತ್ತಿನಲ್ಲಿ ತನ್ನ ಮೇಲೇ ತಿರುಗಿತು. ಎಲ್ಲ ಮನೆಗಳ ಬಾಗಿಲು ಬಡಿದವಳು ಆ ಒಂದು ಮನೆಗೆ ಮಾತ್ರ ಹೋಗಿರಲಿಲ್ಲ. ಮನೆಯವರನ್ನು ಕೇಳುವುದೇನು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಸುಳ್ಳು. ಕೇಳಿದರೆ ಏನು ಕೇಳಬೇಕಾಗುತ್ತದೋ ಎಂಬ ಅಳುಕು.

ಮಾರನೆಯ ಮಧ್ಯಾಹ್ನ ಹೋದಳು. ಅತ್ತಿಗೆ ಒಣಗಿದ ಬಟ್ಟೆಗಳ ಗುಡ್ಡೆಯ ಮುಂದೆ ಕೂತು ಮಡಚುತ್ತಿದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಪಕ್ಕದಲ್ಲಿದ್ದ ಟವೆಲುಗಳನ್ನು ಸರಿಸಿ ಜಾಗ ಮಾಡಿದರು. ದಿನವಿಡೀ ಬಾಯಿ ಬಡಿದುಕೊಂಡು ಬದುಕಿದವಳಿಗೆ ಅಲ್ಲಿ ಯಾವ ಗೇರಿನಲ್ಲಿ ಹೊರಡಬೇಕೆಂದೇ ತಿಳಿಯಲಿಲ್ಲ.

"ಮೊದ್ಲೇ ಬಂದು ಕೇಳ್ಬೇಕಿತ್ತು ಅತ್ತಿಗೆ. ಹೆದರಿಕೆ ಆಯ್ತು."

"ನಿನಗೆ ಹೆದರಿಕೆ," ಎಂದರು ಅತ್ತಿಗೆ, ನಂಬದವರಂತೆ. ದಿಂಬಿನ ಚೀಲವೊಂದನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದರು. "ಅವರು ಹೋದ್ಮೇಲೆ ಈ ಮನೇಲಿ ಅವರ ಮಾತೇ ಇಲ್ಲ ಕಣೇ. ಬಂದೋರೆಲ್ಲ ಬಿಸಿಲಿನ ಮಾತಾಡ್ತಾರೆ, ತರಕಾರಿ ಮಾತಾಡ್ತಾರೆ. ನನ್ನ ತಮ್ಮ ಬಂದ್ರೆ ನಲ್ಲಿ ರಿಪೇರಿ ಮಾಡ್ತಾನೆ. ಸೋರದೆ ಇರೋ ನಲ್ಲೀನೂ ಬಿಚ್ತಾನೆ. ನಾನು ಅಳ್ತೀನಿ ಅಂತ ಎಲ್ರೂ ಬಾಯಿಗೆ ಬೀಗ ಹಾಕ್ಕೊಂಡ್ರಿ. ಅಲ್ಲಿ ಏನಾಯ್ತು, ಹೆಂಗಾಯ್ತು, ಒಬ್ರೂ ಹೇಳ್ಲಿಲ್ಲ. ಈಗ ಅದೇ ಜಾಗದಲ್ಲಿ ಆಟ ಶುರು ಮಾಡ್ತೀರಿ. ನಾನು ಗೋಡೆ ಈಚೆ ಕೂತ್ಕೋಬೇಕು."

ಬ್ರೇಕಕ್ಕ ಗುಡ್ಡೆಯಿಂದ ಒಂದು ಬಟ್ಟೆ ಎತ್ತಿಕೊಂಡು ಮಡಚತೊಡಗಿದಳು. ಗುಡ್ಡೆ ಕರಗುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಆ ಮಾತುಗಳನ್ನು ಒಂದಕ್ಷರ ಬಿಡದೆ ಗಂಡನಿಗೆ ಹೇಳಿದಳು. ನಲ್ಲಿಯ ಮಾತು ಬಂದಾಗ ಅವನು ಎದ್ದು ಹೊರಗೆ ಹೋಗಿ ಜಗುಲಿಯ ಮೇಲೆ ಕೂತ. ಎರಡು ಮೂರು ದಿನ ಮತ್ತೆ ಬರೀ ಹ್ಞಾಂ, ಹ್ಞೂಂ. ಒಂದು ಬೆಳಿಗ್ಗೆ, ಮಾಲೀಕರಿಂದ ಇಸಿದುಕೊಂಡಿದ್ದ ಫ್ಯಾಕ್ಟರಿಯ ಬೀಗದ ಕೈ ಜೇಬಿಗೆ ಹಾಕಿಕೊಂಡು, "ನೀನೂ ಬಾ," ಎಂದ. ಅಕ್ಕನ ಮನೆಯ ಬಾಗಿಲಲ್ಲಿ ನಿಂತು, ಒಳಗೂ ಹೋಗದೆ, "ಅಕ್ಕಾ, ತೋರಿಸ್ತೀನಿ ಬಾ," ಎಂದು ಕರೆದ. ಅತ್ತಿಗೆ ತಮ್ಮನ ಮುಖವನ್ನೇ ನೋಡುತ್ತಾ ಚಪ್ಪಲಿ ಮೆಟ್ಟಿದರು.

ಫ್ಯಾಕ್ಟರಿಯ ಒಳಗೆ ತಂಪು ಇನ್ನೂ ಉಳಿದಿತ್ತು. ಮೆಷಿನ್‌ಗಳನ್ನು ಎಂದೋ ಬಿಚ್ಚಿ ಒಯ್ದಿದ್ದರು. ಅವು ನಿಂತಿದ್ದ ಜಾಗದಲ್ಲಿ ನೆಲ ಬೇರೆ ಬಣ್ಣದಲ್ಲಿತ್ತು. ಅವನು ಮುಂಬಾಗಿಲ ಹತ್ತಿರ ನಿಂತು ಮಾತು ಶುರುಮಾಡಿದ. ಮದುವೆಯಾದಂದಿನಿಂದ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಬ್ರೇಕಕ್ಕ ಕೇಳಿರಲಿಲ್ಲ.

"ಊಟ ಆದ್ಮೇಲೆ ಭಾವ ಇಲ್ಲಿ ನಿಂತ್ಕೊಳ್ಳೋರು. ನೆಲ ಯಾವಾಗ್ಲೂ ಒದ್ದೆ ಇರ್ತಿತ್ತು. ಒಡೆದ ಐಸ್ ತುಂಡು ತಗೊಂಡು ಜಾರಿಸೋರು. ಆ ತುದೀಲಿ ಖಾಲಿ ಸೋಡಾ ಬಾಟ್ಲಿ ಸಾಲಾಗಿ ಇಡ್ತಿದ್ವಿ. ಬೀಳ್ಸೋ ಪಂದ್ಯ. ದಿನಾ ಅವರೇ ಗೆಲ್ಲೋರು."

"ಅವರು ಗೆಲ್ತಿದ್ರಾ?"

"ಮೋಸ ಮಾಡೋರು. ಗೆರೆ ದಾಟಿ ಬಂದು ಬಿಡೋರು. ಕೇಳಿದ್ರೆ, ಕಾಲು ಜಾರ್ತು ಅನ್ನೋರು."

"ಇಸ್ಪೀಟಲ್ಲೂ ಹಾಗೇನೇ," ಎಂದರು ಅತ್ತಿಗೆ. "ಎಲೆ ತೊಡೆ ಕೆಳಗೆ ಇಟ್ಕೊಳ್ಳೋರು." ಅವರ ತುಟಿ ಅಲುಗಿತು. ದೊಡ್ಡ ಊರಿನಲ್ಲಿ ಗೂಟಗಳು ಉದುರಿದಾಗ ತನ್ನ ಗಂಡ ಯಾಕೆ ಹಾಗೆ ನಕ್ಕನೆಂದು ಬ್ರೇಕಕ್ಕನಿಗೆ ಈಗ ತಿಳಿಯಿತು. ತಿಳಿದು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇಷ್ಟು ವರ್ಷ ಇದನ್ನು ತನಗೂ ಹೇಳಿರಲಿಲ್ಲವಲ್ಲ.

ಅತ್ತಿಗೆ ಹಾಲ್‌ನ ಉದ್ದಕ್ಕೂ ನಿಧಾನವಾಗಿ ನಡೆದರು. ಹಿಂದಿನ ಗೋಡೆ ಸಮೀಪಿಸುವಾಗ, "ಎಲ್ಲಿ?" ಎಂದರು.

ತಮ್ಮ ಗೋಡೆಯ ಬುಡ ತೋರಿಸಿದ.

"ಒದ್ದಾಡಿದ್ರಾ?"

"ಗೊತ್ತಿಲ್ಲ ಅಕ್ಕ. ನಾನು ಬರೋ ಹೊತ್ತಿಗೆ ಮಲಗಿದ ಹಾಗಿದ್ರು." ಅವನು ನಿಲ್ಲಿಸಿದ. ಬ್ರೇಕಕ್ಕ ಅವನ ಮೊಣಕೈ ಹಿಡಿದಳು. "ಮುಂಬಾಗಿಲ ಕಡೆ ಗ್ಯಾಸ್ ತುಂಬಿತ್ತು. ಅದಕ್ಕೇ ಈ ಕಡೆ ಓಡಿ ಬಂದಿದಾರೆ. ಕೈ ಎರಡೂ ಗೋಡೆ ಮೇಲಿತ್ತು. ನಿಮ್ಮ ಮನೆ ಕಡೆ."

ಅತ್ತಿಗೆ ಅಳಲಿಲ್ಲ. ಗೋಡೆಯ ಹತ್ತಿರ ಹೋಗಿ, ಸುಣ್ಣ ಎದ್ದು ಇಟ್ಟಿಗೆ ಕಾಣುತ್ತಿದ್ದ ಕಡೆ ಅಂಗೈಯಿಟ್ಟು, ತುಂಬ ಹೊತ್ತು ನಿಂತರು. ಆಚೆ ಅವರ ಹಿತ್ತಲಿನ ನಲ್ಲಿಯ ಕೆಳಗೆ ಯಾವುದೋ ಕಾಗೆ ಪಾತ್ರೆ ಕುಕ್ಕುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ವಾಪಸು ಹೋಗುವಾಗ ಅವರು ಒಪ್ಪಿದೆ ಎನ್ನಲಿಲ್ಲ. ಕೇಳುವ ಧೈರ್ಯ ಬ್ರೇಕಕ್ಕನಿಗೂ ಬರಲಿಲ್ಲ. ಅಂದು ಸಂಜೆ ಗಂಡನಿಗೆ, ಅತ್ತಿಗೆ ಮುಂದಿನ ಸಭೆಯಲ್ಲೂ ಎದ್ದು ನಿಂತರೆ ನಾನೇ ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ಅವನು ಹ್ಞೂಂ ಎಂದ. ಆಮೇಲೆ, ಯಾರೂ ಕೇಳದೆ, "ಭಾವ ಇದ್ದಿದ್ರೆ ದಿನಾ ಬಂದು ಪುಕ್ಸಟ್ಟೆ ಆಡೋರು," ಎಂದೂ ಸೇರಿಸಿದ.

ಮುಂದಿನ ಸಭೆಯಲ್ಲಿ ಅತ್ತಿಗೆ ಎದ್ದು ನಿಂತರು.

ಬ್ರೇಕಕ್ಕ ಮೈಕಿನ ಹತ್ತಿರ ಹೊರಟಿದ್ದವಳು ನಡುವೆಯೇ ನಿಂತಳು. ಆಕ್ಷೇಪಣೆ ಇನ್ನೂ ಇದೆಯೇ ಎಂದು ಅಧ್ಯಕ್ಷರು ಕೇಳಿದರು. ಇದೆ ಎಂದರು ಅತ್ತಿಗೆ. ಅಧ್ಯಕ್ಷರು ಎಂಜಿನಿಯರರ ಮುಖ ನೋಡಿದರು, ಎಂಜಿನಿಯರರು ನಕ್ಷೆ ನೋಡಿದರು.

"ಹಿಂದಿನ ಗೋಡೇಲಿ ಬಾಗಿಲಿಲ್ಲ," ಎಂದರು ಅತ್ತಿಗೆ. "ನನ್ನ ಹಿತ್ತಲ ಕಡೆ ಒಂದು ಬಾಗಿಲು ಇಡ್ಬೇಕು. ಒಳಗಿಂದ ತಳ್ಳಿದ್ರೆ ತೆಗಿಯೋ ಹಾಗೆ. ಅದು ನಕ್ಷೇಲಿ ಬರ್ಲಿ, ಆಮೇಲೆ ನೀವು ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಇಷ್ಟು ವರ್ಷದ ಅನುಭವದಲ್ಲಿ ಪಕ್ಕದವರು ಗೋಡೆ ಎತ್ತರಿಸಿ ಎಂದು ಕೇಳಿದ್ದುಂಟು, ಬಾಗಿಲಿಡಿ ಎಂದು ಕೇಳಿದ್ದು ಇದೇ ಮೊದಲು ಎಂದು ಅಧ್ಯಕ್ಷರು ಗೊಣಗಿದರು. ಎಂಜಿನಿಯರರು, ಪಕ್ಕದ ಓಣಿಗೆ ಒಂದು ತುರ್ತು ಬಾಗಿಲು ಈಗಾಗಲೇ ತೋರಿಸಿದ್ದಾರೆ, ಇನ್ನೊಂದಿದ್ದರೆ ಒಳ್ಳೆಯದೇ, ಹಿತ್ತಲಿನವರ ಒಪ್ಪಿಗೆಯೊಂದು ಬೇಕಿತ್ತು, ಅದನ್ನು ಅವರೇ ಕೊಟ್ಟಂತಾಯಿತಲ್ಲ ಎಂದರು. ಕೈಗಳು ಮೇಲೆದ್ದವು. ಔಷಧಿ ಅಂಗಡಿಯವನ ಸಮಾಧಾನಕ್ಕೆ ರಸ್ತೆಯ ಮೇಲೆ ಗಾಡಿ ನಿಲ್ಲಿಸಬಾರದೆಂಬ ಷರತ್ತನ್ನೂ ಸೇರಿಸಿ, ಅನುಮತಿ ಕೊಟ್ಟರು. ಬ್ರೇಕಕ್ಕ ಇನ್ನೂ ಕುರ್ಚಿಗಳ ನಡುವೆಯೇ ನಿಂತಿದ್ದಳು. ಅಧ್ಯಕ್ಷರು, "ಆಯ್ತಮ್ಮ, ಇನ್ನು ಬ್ರೇಕ್ ಬಿಡಿ," ಎಂದಾಗ ಅವಳು ಕೂತುಕೊಂಡಳು.

ಕೆಲಸ ಶುರುವಾದದ್ದು ಆ ಬಾಗಿಲಿನಿಂದಲೇ. ಗಾರೆಯವನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚೌಕಟ್ಟಿನ ಗೆರೆ ಎಳೆದು ಕೊಟ್ಟ. ಉಳಿಯನ್ನು ಮಾತ್ರ ಗಂಡ ಅವನ ಕೈಯಿಂದ ಇಸಿದುಕೊಂಡ. ಹಳೆಯ ಕಾಲದ ದಪ್ಪ ಗೋಡೆ. ಬೆಳಗಿನ ಹೊತ್ತೆಲ್ಲ ಬಡಿದರೂ ಪುಡಿ ಉದುರಿತೇ ಹೊರತು ಇಟ್ಟಿಗೆ ಅಲುಗಲಿಲ್ಲ. ಗಾರೆಯವನು ಬೀಡಿ ಹಚ್ಚಿ ನೋಡುತ್ತಾ ಕೂತ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಎದೆಮಟ್ಟದಲ್ಲಿ ಒಂದು ಇಟ್ಟಿಗೆ ಸಡಿಲಾಗಿ ಆಚೆಗೆ ಬಿತ್ತು. ಕತ್ತಲ ಹಾಲ್‌ನೊಳಗೆ ಬೆಳಕಿನ ಒಂದು ಕೋಲು ಬಂದು ಬಿತ್ತು. ಅದರಲ್ಲಿ ಧೂಳು ಮೇಲೆ ಕೆಳಗೆ ಓಡಾಡುತ್ತಿತ್ತು.

ಅವನು ಉಳಿ ಕೆಳಗಿಟ್ಟು ಮುಖ ಒರೆಸಿಕೊಂಡ. ಬೆಳಕು ಒಮ್ಮೆ ಮರೆಯಾಯಿತು. ಆ ತೂತಿನೊಳಗಿಂದ ಒಂದು ಕೈ, ನೀರು ತುಂಬಿದ ಲೋಟವನ್ನು ತುಳುಕಿಸದಂತೆ ಹಿಡಿದುಕೊಂಡು, ನಿಧಾನವಾಗಿ ಈಚೆಗೆ ಬಂತು.